ಒಲೆ ಹಚ್ಚದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ಕೇಳಿ ಬ್ಯಾಡಗಿಗೆ ಹೋದಾಗ ಅವರ ಮನೆಯ ಕಟ್ಟೆಯ ಮೇಲೆ ಮೂವರು ಕೂತು ಮೂರು ಬೇರೆ ಬೇರೆ ಹೆಂಗಸರನ್ನು ಹೊಗಳುತ್ತಿದ್ದರು.

"ಏನ್ ವ್ರತಾ ರೀ ಅಕಿದು! ಊರು ಬಿಟ್ಟು ಹೊರಗ ಹೋದ್ರ ಬೆಂಕಿ ಮುಟ್ಟಿದ್ದು ಒಂದು ಅಗಳ ಬಾಯಾಗ ಹಾಕ್ತಿದ್ದಿಲ್ಲ" ಎಂದು ಎದುರುಮನೆಯ ಅಜ್ಜಿ ಕಣ್ಣೊರೆಸಿಕೊಂಡರು.

"ವ್ರತ ಅಲ್ಲಬೇ, ಹೊಟ್ಟ್ಯಾಗ ಹುಣ್ಣಿತ್ತು. ಬಿಸೀದು ತಿನ್ನಂಗಿದ್ದಿಲ್ಲ ಪಾಪ. ಆದ್ರೂ ಒಂದಿನ ನರಳಿದ್ದು ನೋಡಲಿಲ್ಲ ನಾ" ಎಂದು ನಿವೃತ್ತ ಕಂಪೌಂಡರು ತಿದ್ದಿದರು.

ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಎರಡೂ ಒಪ್ಪಿಗೆಯಾಗಲಿಲ್ಲ. "ಕಾಯ್ದೆ, ಕಾಯ್ದೆ! ಅಡವ್ಯಾಗ ಬೆಂಕಿ ಹಚ್ಚಬಾರದು ಅಂತ ಸರಕಾರದ ಕಾಯ್ದೆ ಐತಿ. ಅದನ್ನ ಪಾಲಿಸಿದಾಕಿ ಈ ಜಿಲ್ಲಾದಾಗ ಅಕಿ ಒಬ್ಬಾಕೀನ" ಎಂದರು.

ಮೂವರ ಕಣ್ಣಲ್ಲೂ ನೀರಿತ್ತು, ಮೂವರೂ ನಿಜವಾಗಿಯೇ ದುಃಖಪಡುತ್ತಿದ್ದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ. ನೋಡಿದವರು ಅಳು ತಡೆಯುತ್ತಿದ್ದಾಳೆ ಎಂದುಕೊಂಡಿರಬೇಕು. ಅಕ್ಕೋರಿಗೆ ವ್ರತ ಇರಲಿಲ್ಲ, ಹುಣ್ಣಿರಲಿಲ್ಲ, ಕಾಯ್ದೆಯ ಮೇಲೆ ಅಂಥ ಪ್ರೀತಿಯೂ ಇರಲಿಲ್ಲ. ಆ ಮೂರೂ ಸುಳ್ಳುಗಳನ್ನು ಅಕ್ಕೋರು ಹೇಳುವಾಗ ಪಕ್ಕದಲ್ಲಿ ತಲೆಯಾಡಿಸುತ್ತ ನಿಂತವಳು ನಾನು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿಸುವವರು ನಾವು ಹಲವರಿದ್ದೆವು. ಆದರೆ ಊರಿನಲ್ಲಿ ಬರೀ 'ಅಕ್ಕೋರು' ಅಂದರೆ ವಿಜ್ಞಾನ ಕಲಿಸುವ ಅವರೊಬ್ಬರೇ. ಎತ್ತರದ ಆಳು. ದನಿ ಇನ್ನೂ ಎತ್ತರ. ಸೀರೆಯ ಕೆಳಗೆ ಗಂಡುಮಕ್ಕಳ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ತಲೆಯ ಮೇಲಿನ ದೊಡ್ಡ ತುರುಬು ಅವರ ಕಪಾಟು. ಪೆನ್ಸಿಲ್ಲು, ಬಸ್ಸಿನ ತಿಕೀಟು, ಸೀಮೆಸುಣ್ಣದ ತುಂಡು ಎಲ್ಲವೂ ಅದರೊಳಗಿಂದ ಬರುತ್ತಿದ್ದವು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೂ ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಟ್ಟಿದ್ದರು.

ಒಲೆಯ ಮೇಲೆ ಅವರಿಗೆ ಸಿಟ್ಟು ಬಂದದ್ದು ನಾನು ಆ ಶಾಲೆಗೆ ಸೇರುವುದಕ್ಕೂ ಮುಂಚೆ. ಹುಡುಗಿಯರನ್ನು ಕರೆದುಕೊಂಡು ಗುಡ್ಡ ಹತ್ತಲು ಹೋಗಿದ್ದರಂತೆ. ಗಂಡುಹುಡುಗರ ಶಾಲೆಯವರೂ ಅದೇ ದಿನ ಬಂದಿದ್ದರು. ಆ ಹುಡುಗರು ಮಂಡಕ್ಕಿ ಮುಕ್ಕಿ ಗುಡ್ಡ ಹತ್ತಿ ಇಳಿದು, ಕೆರೆಯಲ್ಲಿ ಈಜಿ, ಮತ್ತೊಮ್ಮೆ ಹತ್ತಿದರು. ನಮ್ಮ ಹುಡುಗಿಯರು ಕಟ್ಟಿಗೆ ಆರಿಸಿ, ಕಲ್ಲು ಹೂಡಿ, ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಅನ್ನ ಸಾರು ಮಾಡಿ, ಉಂಡು, ಪಾತ್ರೆ ತಿಕ್ಕುವಷ್ಟರಲ್ಲಿ ಹೊತ್ತು ಮುಳುಗಿತ್ತು. ಗುಡ್ಡದ ಬುಡದಿಂದಲೇ ಗುಡ್ಡಕ್ಕೆ ಕೈಮುಗಿದು ವಾಪಸು ಬಂದರು. "ಒಲಿ ನೋಡಾಕ ಅಷ್ಟು ದೂರ ಹೋಗಬೇಕಿತ್ತೇನ ತಂಗಿ? ಮನ್ಯಾಗ ಇದ್ದಿದ್ದಿಲ್ಲೇನು?" ಎಂದು ನನ್ನ ಮುಂದೆ ಎಷ್ಟೋ ಸಲ ಹೇಳಿದ್ದಾರೆ. ಅಂದಿನಿಂದ ಅವರ ಜೊತೆ ತಿರುಗಾಟಕ್ಕೆ ಹೊರಡುವವರ ಚೀಲದಲ್ಲಿ ಬೆಂಕಿಪೊಟ್ಟಣವೂ ಇರಕೂಡದು. ತಿನ್ನುವುದೆಲ್ಲ ತಣ್ಣೀರಿನಲ್ಲಿ ನೆನೆದೇ ಆಗಬೇಕು.

ಕಿರಾಣಿ ಅಂಗಡಿಗಳಲ್ಲಿ ಪೆಪ್ಪರಮಿಂಟು ತುಂಬಿಡುತ್ತಿದ್ದ ಅಗಲ ಬಾಯಿಯ ಪ್ಲಾಸ್ಟಿಕ್ ಬರಣಿಗಳು ನೆನಪಿರಬಹುದು. ಖಾಲಿಯಾದವನ್ನೆಲ್ಲ ಅವರು ಒಟ್ಟು ಮಾಡಿದ್ದರು. ಹುಡುಗಿಗೊಂದು ಬರಣಿ. ಬೆಳಿಗ್ಗೆ ಹೊರಡುವಾಗ ಅದರೊಳಗೆ ಒಣ ಸಾಮಾನು ಸುರಿದು, ನೀರು ಹಾಕಿ, ಮುಚ್ಚಳ ತಿರುವಿ ಬೆನ್ನ ಮೇಲಿನ ಚೀಲಕ್ಕಿಳಿಸಿದರೆ ಆಯಿತು. ನಡೆಯುವಾಗ ಅಲುಗಾಡಿ ಅಲುಗಾಡಿ ಅದೇ ಕಲಸಿಕೊಳ್ಳುತ್ತದೆ, ನೆರಳು ಸಿಕ್ಕಲ್ಲಿ ಕೂತು ಉಣ್ಣುವುದು. ನಡುವೆ ಅಕ್ಕೋರು ಒಬ್ಬೊಬ್ಬರ ಬರಣಿಯನ್ನೂ ಕಿವಿಗೆ ಹಿಡಿದು, ಗಂಭೀರವಾಗಿ, "ಹೂಂ, ಕುದಿಯಾಕತ್ತೈತಿ" ಎನ್ನುತ್ತಿದ್ದರು. ಹೊಸ ಹುಡುಗಿಯರು ನಂಬಿ ತಾವೂ ಕಿವಿಗೆ ಹಿಡಿಯುತ್ತಿದ್ದರು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅವರ ಮನೆಯ ಮಾಳಿಗೆಯ ಮೇಲೆ ಪ್ರಯೋಗ ನಡೆಯುತ್ತಿತ್ತು. ತಿಂದು ನೋಡುವ ಕೆಲಸ ನನ್ನದು. ಹಳೆಯ ಸೀರೆಯ ಮೇಲೆ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಮಾವಿನಕಾಯಿಯ ಹೋಳು ಒಣಗುತ್ತಿದ್ದವು. ಅವಲಕ್ಕಿಯಲ್ಲಿ ತೆಳುವಾದದ್ದು ಬೇಡ, ಹೊತ್ತಿಗೆ ಮುಂಚೆ ಕರಗಿ ಗಂಜಿಯಾಗುತ್ತದೆ, ದಪ್ಪನೆಯದೇ ಆಗಬೇಕು. ಹೆಸರುಬೇಳೆ ಒಳ್ಳೆಯ ಹುಡುಗಿ, ಹೇಳಿದ ಹೊತ್ತಿಗೆ ಮೆತ್ತಗಾಗುತ್ತದೆ. ಕಡಲೆಕಾಳು ಹಟಮಾರಿ, ಹಿಂದಿನ ಸಂಜೆಯೇ ನೀರಿಗೆ ಹಾಕಬೇಕು. ತೊಗರಿಬೇಳೆಯ ಹೆಸರೆತ್ತಬೇಡ ಎನ್ನುತ್ತಿದ್ದರು. ಅದನ್ನು ಒಮ್ಮೆ ಹಸಿಯಾಗಿ ತಿಂದು ನೋಡಿದ ಮರುದಿನ ನಾವಿಬ್ಬರೂ ರಜೆಯ ಮೇಲಿದ್ದೆವು. ಮೇಲೆ ಪುಠಾಣಿ ಹಿಟ್ಟು, ಕೊಬ್ಬರಿ ತುರಿ, ಬೆಲ್ಲ, ಉಪ್ಪು, ಶೇಂಗಾ ಪುಡಿ, ಮತ್ತು ನಮ್ಮೂರ ಖಾರದಪುಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಜಾಸ್ತಿ ನೋಡಿ, ಬರಣಿಯೊಳಗಿನ ತಣ್ಣನೆಯ ಅವಲಕ್ಕಿಯೂ ಆಗಷ್ಟೇ ಒಗ್ಗರಣೆ ಬಿದ್ದಂತೆ ಕೆಂಪಗೆ ಕಾಣುತ್ತಿತ್ತು. "ಕಣ್ಣಿಗೆ ಮೋಸ ಮಾಡಿದ್ರ ನಾಲಗಿ ತಾನs ಸುಮ್ಮನಾಗತೈತಿ" ಎಂದು ಅಕ್ಕೋರು ಇನ್ನೊಂದು ಚಮಚ ಸುರಿಯುತ್ತಿದ್ದರು.

"ಶೇಂಗಾ ಹುರಿಯಾಕ ಬೆಂಕಿ ಬೇಕಲ್ರಿ ಅಕ್ಕೋರ?" ಎಂದು ನಾನೊಮ್ಮೆ ಕೆಣಕಿದೆ.

"ಅದು ಚುರುಮುರಿ ಭಟ್ಟಿಯವನ ಬೆಂಕಿ. ಬ್ಯಾರೆಯವರ ಬೆಂಕಿ ನಡಿತೈತಿ" ಎಂದರು.

ಸೋಲುಗಳೂ ಇದ್ದವು. ಒಮ್ಮೆ ಶಾವಿಗೆ ನೆನೆಹಾಕಿದರು. ಬರಣಿ ಬೋರಲು ಹಾಕಿದಾಗ ಅದು ಬರಣಿಯ ಆಕಾರದಲ್ಲೇ ಹೊರಗೆ ಬಿದ್ದು, ಬಿದ್ದಲ್ಲೇ ನಿಂತಿತು. ತಿನ್ನಲು ನಾನು ಒಪ್ಪಲಿಲ್ಲ. ಅಕ್ಕೋರು ಅದನ್ನು ಸೋಮವಾರ ಶಾಲೆಗೆ ತಂದು, ಎಂಟನೆಯ ಇಯತ್ತೆಯ ಗೋಡೆಗೆ ಅದರಿಂದಲೇ ಭಾರತದ ನಕಾಶೆ ಅಂಟಿಸಿದರು. ಆ ಗೋಡೆಗೆ ಆಮೇಲೆ ಎಷ್ಟೋ ಸಲ ಸುಣ್ಣ ಬಳಿದರು, ಪ್ರತಿ ಸಲವೂ ನಕಾಶೆಯ ಸುತ್ತಲೇ ಬಳಿಯಬೇಕಾಯಿತು.

ಇನ್ನೊಮ್ಮೆ ಬೇಸಿಗೆಯಲ್ಲಿ ಖಡಕ್ ರೊಟ್ಟಿಯ ಚೂರನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಹಾವೇರಿಯ ರೈಲುಗಾಡಿ ಹತ್ತಿದ್ದೆವು. ಬರಣಿ ಮೇಲಿನ ಹಲಗೆಯ ಮೇಲಿತ್ತು. ಸೆಕೆಗೆ ಅದು ಹುಳಿಬಂದು ಉಬ್ಬಿ, ಮುಚ್ಚಳ ಟಪ್ಪೆಂದು ಹಾರಿ, ಕೆಳಗೆ ಕೂತಿದ್ದ ವಕೀಲರೊಬ್ಬರ ಕರಿ ಕೋಟಿನ ಮೇಲೆ ಮಳೆಗರೆಯಿತು. ಡಬ್ಬಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಅಕ್ಕೋರು ನಿಧಾನವಾಗಿ ತಲೆಯೆತ್ತಿ ಹಲಗೆ ನೋಡಿ, ವಕೀಲರನ್ನು ನೋಡಿ, "ಏನ್ರೀ ಸಾಹೇಬ್ರ, ತಿನ್ನೋ ಸಾಮಾನು ಹಿಂಗ ಸಡ್ಲ ಮುಚ್ಚಿ ಇಡತಾರೇನ್ರಿ?" ಎಂದು ಗದರಿದರು. ಆ ಮನುಷ್ಯ ಗಾಬರಿಯಲ್ಲಿ, "ನಂದಲ್ರಿ" ಎಂದು ತಾನೇ ಸಮಜಾಯಿಷಿ ಹೇಳತೊಡಗಿದ. ಹಾವೇರಿ ಬರುವವರೆಗೂ ಹೇಳುತ್ತಲೇ ಇದ್ದ.

ಹುಡುಗಿಯರನ್ನು ಕಳಿಸಲು ತಾಯಿತಂದೆಯರು ಒಪ್ಪಬೇಕಲ್ಲ. ಬಿಸಿ ಅನ್ನವಿಲ್ಲದೆ ಎರಡು ದಿನ ಮಗಳು ಹೇಗಿರುತ್ತಾಳೆ ಎಂಬುದೇ ಎಲ್ಲರ ಪ್ರಶ್ನೆ. ಅಕ್ಕೋರು ಹೊಸ್ತಿಲಲ್ಲಿ ನಿಂತು ಮನೆಯನ್ನೊಮ್ಮೆ ಕಣ್ಣಾಡಿಸುತ್ತಿದ್ದರು. ದೇವರ ಜಗಲಿ ದೊಡ್ಡದಿದ್ದರೆ ವ್ರತ. ಔಷಧದ ಬಾಟಲಿ ಕಂಡರೆ ಹುಣ್ಣು. ವರಾಂಡದಲ್ಲಿ ಕೂತ ಯಜಮಾನ ದಿನಪತ್ರಿಕೆ ಓದುತ್ತಿದ್ದರೆ ಕಾಯ್ದೆ. ಮೂರರಲ್ಲಿ ಒಂದು ತಾಗದೆ ಇರುತ್ತಿರಲಿಲ್ಲ. ಬಡಗಿಯ ಮನೆಯಲ್ಲಿ ಕಾಯ್ದೆಯನ್ನೂ ವ್ರತವನ್ನೂ ಕಲಸಿ ಹೇಳಿದ್ದನ್ನು ಕೇಳಿದ್ದೇನೆ, ಅದೂ ನಡೆಯಿತು.

ನಡೆಯದೆ ಹೋದದ್ದು ನಮ್ಮ ಮನೆಯಲ್ಲಿ ಮಾತ್ರ.

ಎಂಬತ್ತರ ದಶಕದ ಕೊನೆಯ ಒಂದು ದಸರಾ ರಜೆ. ಮೇಡ್ಲೇರಿಯಿಂದ ತುಂಗಭದ್ರೆಯ ದಂಡೆ ಹಿಡಿದು ನಡೆದು, ನಡುವೆ ಒಂದು ಹಳ್ಳಿಯ ಶಾಲೆಯಲ್ಲಿ ತಂಗಿ ಬರುವುದು ಅಕ್ಕೋರ ಬಹುದಿನದ ಆಸೆ. ಹುಡುಗಿಯರೂ ಬರಣಿ ತೊಳೆದಿಟ್ಟು ಕಾಯುತ್ತಿದ್ದರು. ಆದರೆ ಹೆಡ್ ಮಾಸ್ತರರು ಇಬ್ಬರು ಅಕ್ಕೋರು ಇಲ್ಲದಿದ್ದರೆ ಪರವಾನಗಿ ಇಲ್ಲ ಎಂದುಬಿಟ್ಟರು. ಉಳಿದವರೆಲ್ಲ ಹಬ್ಬಕ್ಕೆ ಊರಿಗೆ ಹೊರಟಿದ್ದರು. ಉಳಿದವಳು ನಾನೊಬ್ಬಳು. ನಾನು ಹೋದರೆ ತಿರುಗಾಟ ಉಂಟು, ಇಲ್ಲದಿದ್ದರೆ ಇಲ್ಲ. ನನಗಂತೂ ಹೋಗಲೇಬೇಕಿತ್ತು. ಮದುವೆಯಾದ ಮೇಲೆ ಶಾಲೆ ಬಿಟ್ಟರೆ ಅಡುಗೆಮನೆ, ಅಡುಗೆಮನೆ ಬಿಟ್ಟರೆ ಶಾಲೆ. ಹೊಳೆಯ ದಂಡೆಯ ಮೇಲೆ ಸುಮ್ಮನೆ ನಡೆಯುವುದನ್ನು ನೆನೆದರೇ ಮೈ ಹಗುರಾಗುತ್ತಿತ್ತು.

ನನ್ನ ಮಾವನವರದು ಮೆಣಸಿನಕಾಯಿ ದಲಾಲಿ. ಸೀಸನ್ನಿನಲ್ಲಿ ಮಾಲು ತಂದ ಹಳ್ಳಿಯ ರೈತರೆಲ್ಲ ನಮ್ಮ ಮನೆಯಲ್ಲೇ ಉಣ್ಣುವುದು ವಾಡಿಕೆ. ಬೆಳಿಗ್ಗೆ ಹಚ್ಚಿದ ಒಲೆ ಮಲಗುವ ಹೊತ್ತಿಗೇ ಆರುತ್ತಿತ್ತು. ಅದರ ಮುಂದೆ ಕೂತವರು ನನ್ನ ಅತ್ತೆ. ಎಲ್ಲರ ಊಟವಾದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು, ನಿಂತುಕೊಂಡೇ ತಿಂದು ಮುಗಿಸುವುದು ಅವರ ರೂಢಿ.

ಅಕ್ಕೋರು ಬಂದು ಕೂತರು. ದೇವರ ಜಗಲಿ ನೋಡಿ ಮೊದಲು ವ್ರತ ಬಿಟ್ಟರು.

"ಯಾವ ವ್ರತಾರಿ?" ಎಂದರು ಅತ್ತೆ. "ಯಾವ ದೇವರದು? ಎಂದ ಹಿಡದೀರಿ, ಎಂದ ಬಿಡತೀರಿ?" ವ್ರತಗಳ ವಿಷಯದಲ್ಲಿ ನಮ್ಮ ಅತ್ತೆಯನ್ನು ದಾರಿತಪ್ಪಿಸುವುದು ಸಾಧ್ಯವಿರಲಿಲ್ಲ. ಅಕ್ಕೋರು ಹೊಟ್ಟೆಹುಣ್ಣಿಗೆ ಜಿಗಿದರು.

"ಹುಣ್ಣಾದಾಕಿ ಮನ್ಯಾಗ ಬಿದ್ಕೊಬೇಕಿಲ್ರಿ? ಹೊಳಿ ದಂಡಿಗೆ ಯಾಕ ಹೊಂಟೀರಿ?"

ಕಾಯ್ದೆ ಉಳಿದಿತ್ತು. "ಮೇಡ್ಲೇರಿ ಹೊಳಿ ದಂಡ್ಯಾಗ ಅಡವಿ ಎಲ್ಲೈತಿ?" ಎಂದು ಅತ್ತೆ ಅಚ್ಚರಿಪಟ್ಟರು. "ನನ್ನ ತವರು ಆ ಕಡೇನ ಐತಿ. ಬರೇ ಗದ್ದಿ." ಆಮೇಲೆ ದನಿ ತಗ್ಗಿಸಿ, "ನೋಡ್ರಿ ಅಕ್ಕಾರ, ಒಲಿ ಹಚ್ಚದ ಉಣ್ಣೂದು ಮನ್ಯಾಗ ಯಾರರ ಸತ್ತಾಗ. ನನ್ನ ಸೊಸಿನ್ನ ಅಂಥಾ ಊಟಕ್ಕ ಕಳಸಂಗಿಲ್ಲ" ಎಂದರು.

ತಿರುಗಾಟ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಕ್ಕೋರು ಮಾತ್ರ ತುರುಬಿನಿಂದ ಪೆನ್ಸಿಲ್ಲು ತೆಗೆದು, ಅದರಿಂದಲೇ ತಲೆ ಕೆರೆದುಕೊಂಡು, ಬಹಳ ಬಡಪಾಯಿ ದನಿಯಲ್ಲಿ ಹೇಳಿದರು: "ಖರೇ ಹೇಳ್ತೀನಿ ಅವ್ವಾರ. ನನಗ ಅಡಿಗಿ ಬರೂದಿಲ್ಲ. ಬರೂ ಹಂಗಿದ್ರ ಆ ಕೂಸುಗಳಿಗೆ ತಣ್ಣಂದು ತಿನಸ್ತಿದ್ನೇನು? ನಿಮ್ಮಂಥಾವ್ರು ಯಾರರ ಸಂಗಾಟ ಬಂದ್ರ..."

ಅತ್ತೆ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. "ನಾ ಬರ್ತೀನಿ" ಎಂದರು. "ಸ್ಟೋ ತರ್ತೀನಿ. ಹುಡುಗ್ಯಾರ ಹೊಟ್ಟಿಗೆ ಬಿಸೀದು ಬೀಳಲಿ."

ಮಾವನವರೂ ಹಾವೇರಿಯ ಕಚೇರಿಗೆ ಓಡಾಡುತ್ತಿದ್ದ ನನ್ನ ಗಂಡನೂ ಎರಡು ದಿನ ಖಾನಾವಳಿಯಲ್ಲಿ ಉಣ್ಣುವುದೆಂದಾಯಿತು. ಹುಡುಗಿಯರಿಗೆ ಬಿಸಿ ಅಡುಗೆ ಮಾಡಿ ಹಾಕುವುದು ಪುಣ್ಯದ ಕೆಲಸವೆಂದು ಮಾವ ಒಪ್ಪಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡುಗೆಮನೆಯಿಂದ ತಪ್ಪಿಸಿಕೊಂಡು ಹೊರಟರೆ ಅಡುಗೆಮನೆಯೇ ಚೀಲ ಹೊತ್ತು ಜೊತೆಗೆ ಬರುತ್ತಿತ್ತು.

ಬೆಳಗಿನ ಗಾಡಿಗೆ ರಾಣೆಬೆನ್ನೂರು, ಅಲ್ಲಿಂದ ಬಸ್ಸಿಗೆ ಮೇಡ್ಲೇರಿ. ಅತ್ತೆಯ ಗೋಣಿಚೀಲದಲ್ಲಿ ಪಂಪಿನ ಸ್ಟೋವು, ಬಾಟಲಿಯಲ್ಲಿ ಚಿಮಣಿ ಎಣ್ಣೆ, ಪಾತೇಲಿ, ಹಂಚು, ಜೋಳದ ಹಿಟ್ಟು, ಬದನೆಕಾಯಿ ಎಲ್ಲ ಇದ್ದವು. ಹುಡುಗಿಯರು ಸರದಿಯ ಮೇಲೆ ಹೊತ್ತರು. ಇಳಕಲ್ಲ ಸೀರೆಯ ಕಚ್ಚೆ ಬಿಗಿದು ಅತ್ತೆ ಎಲ್ಲರಿಗಿಂತ ಮುಂದೆ ನಡೆದರು. ಹೊಳೆ ತುಂಬಿ ಹರಿಯುತ್ತಿತ್ತು. ತವರಿನ ಕಡೆಯ ಗಾಳಿಗೋ ಏನೋ, ಮನೆಯಲ್ಲಿ ನಾನು ಕೇಳದಿದ್ದ ಮಾತುಗಳನ್ನು ಆಡಿದರು. ಚಿಕ್ಕವರಿದ್ದಾಗ ಈ ಹೊಳೆಯಲ್ಲಿ ಎಮ್ಮೆಯ ಬಾಲ ಹಿಡಿದು ದಾಟುತ್ತಿದ್ದರಂತೆ. ಅಕ್ಕೋರ ಅಪ್ಪಣೆಯ ಮೇರೆಗೆ ಹುಡುಗಿಯರು ಬರಣಿಗೂ ನೀರು ಹಾಕಿಕೊಂಡಿದ್ದರು. "ಸುಮ್ನ, ರೂಢಿ ತಪ್ಪಬಾರದಂತ" ಎಂದಿದ್ದರು ಅಕ್ಕೋರು.

ಮಧ್ಯಾಹ್ನ ದಂಡೆಯ ಮೇಲಿನ ಒಂದು ಬೇವಿನ ಮರದ ಕೆಳಗೆ ಚೀಲ ಇಳಿಸಿದೆವು. "ನೀವು ಕುಂದರ್ರಿ ಅವ್ವಾರ, ಸ್ಟೋ ನಾ ಹೊರಗ ತಗೀತೀನಿ" ಎಂದು ಅಕ್ಕೋರೇ ಗೋಣಿಚೀಲಕ್ಕೆ ಕೈಹಾಕಿದರು. ಅತ್ತೆ ಗಾಳಿಗೆ ಅಡ್ಡ ಕಲ್ಲಿಟ್ಟು, ಸ್ಟೋವಿಗೆ ಎಣ್ಣೆ ಸುರಿದು, ಹಚ್ಚಿ, ಪಂಪು ಒತ್ತಿದರು. ಹೊಗೆ ಬಂತು, ಉರಿ ಬರಲಿಲ್ಲ. ಎಂದಿನಂತೆ ಕಿಂಡಿ ಕಟ್ಟಿಕೊಂಡಿತ್ತು. ಪಂಪಿನ ಸ್ಟೋವು ಇದ್ದ ಮನೆಯವರಿಗೆ ಗೊತ್ತು, ಆ ಕಿಂಡಿ ಬಿಡಿಸಲು ಕೂದಲೆಳೆಯಂಥ ತಂತಿಯಿರುವ ತಗಡಿನ ಪಿನ್ನು ಬೇಕು, ಅದಿಲ್ಲದಿದ್ದರೆ ಸ್ಟೋವು ಬರೀ ಹಿತ್ತಾಳೆ. ಅತ್ತೆ ಅದನ್ನು ಸ್ಟೋವಿನ ಕಾಲಿಗೆ ದಾರದಿಂದ ಕಟ್ಟಿಟ್ಟಿರುತ್ತಿದ್ದರು. ದಾರವಿತ್ತು, ಪಿನ್ನು ಇರಲಿಲ್ಲ.

ಹುಡುಗಿಯರೆಲ್ಲ ಮಂಡಿಯೂರಿ ಮರಳು ಜಾಲಿಸಿದರು. ಎಲ್ಲರಿಗಿಂತ ಹೆಚ್ಚು ಹುಡುಕಿದವರು ಅಕ್ಕೋರು. "ಛೇ ಛೇ, ಎಂಥಾ ಕೆಲಸ ಆತು! ಬಸ್ಸಿನ್ಯಾಗ ಬಿತ್ತೇನ ಮತ್ತ" ಎಂದು ಹಲುಬುತ್ತ ಅವರು ನನ್ನ ಮುಂದೆ ಬಗ್ಗಿದಾಗ ಬಿಸಿಲಿಗೆ ಅವರ ತುರುಬಿನಲ್ಲಿ ಏನೋ ಮಿನುಗಿತು. ಹೇರ್ ಪಿನ್ನುಗಳ ನಡುವೆ ಒಂದು ತಗಡಿನ ಚೂರು. ನಾನು ತಟ್ಟನೆ ಹೊಳೆಯ ಕಡೆ ಮುಖ ತಿರುಗಿಸಿದೆ.

"ಹೊತ್ತು ಮೀರೇತಿ, ಕೂಸುಗಳು ಹಸದಾವು. ಈ ಹೊತ್ತಿಗೆ ಬರಣ್ಯಾಗಿಂದ ತಿಂದುಬಿಡೂಣು" ಎಂದರು ಅಕ್ಕೋರು, ಗೆದ್ದ ಖುಷಿಯನ್ನು ಕಷ್ಟಪಟ್ಟು ಮುಚ್ಚಿಕೊಂಡು. ಅತ್ತೆ ಮರಕ್ಕೆ ಒರಗಿದರು. ಅಕ್ಕೋರು ಮುತ್ತಲ ಎಲೆ ಹಾಸಿ, ಅವಲಕ್ಕಿ ನೀಡಿ, ಮೇಲೆ ಲಿಂಬೆ ಹಿಂಡಿ, ಸವತೆಕಾಯಿ ಹೆಚ್ಚಿಟ್ಟು ಅವರ ಮುಂದೆ ಸರಿಸಿದರು. ಅತ್ತೆ ಎಲೆಯನ್ನು ಬಹಳ ಹೊತ್ತು ನೋಡಿದರು. ಉಂಡರು. ಮತ್ತೆ ನೀಡಿಸಿಕೊಂಡರು. "ಉಪ್ಪು ಒಂಚೂರು ಕಮ್ಮಿ ಆಗೇತಿ" ಎಂದು ಮೂರನೆಯ ಸಲವೂ ನೀಡಿಸಿಕೊಂಡರು. ಆಮೇಲೆ ಕಾಲು ಚಾಚಿ, ಸೆರಗು ಮುಖದ ಮೇಲೆಳೆದುಕೊಂಡು ಆ ಮರದ ಕೆಳಗೇ ನಿದ್ದೆಹೋದರು. ಹಗಲಲ್ಲಿ ಅವರು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ, ಹುಡುಗಿಯರು ದೂರ ಹೋಗಿ ನೀರಾಟ ಆಡಿದರು.

ಸಂಜೆ ಶಾಲೆಯ ಕಟ್ಟೆಯ ಮೇಲೆ ಮತ್ತೆ ಬರಣಿ. ಮರುದಿನವೂ ಬರಣಿ. ಸ್ಟೋವಿನ ಮಾತನ್ನು ಅತ್ತೆ ಎತ್ತಲೇ ಇಲ್ಲ. ಪಕ್ಕದ ಮನೆಯಿಂದ ಪಿನ್ನು ಕೇಳಿ ತರಲೇ ಎಂದು ಹುಡುಗಿಯೊಬ್ಬಳು ಎದ್ದಾಗ, "ಕುಂದ್ರ ಸುಮ್ನ, ಮಂದೀಗೆ ಯಾಕ ತ್ರಾಸು" ಎಂದು ಅವರೇ ಕೂರಿಸಿದರು. ಅಕ್ಕೋರು ನನ್ನ ಪಕ್ಕೆಗೆ ತಿವಿದು, "ಹೆಂಗ?" ಎಂದು ಹುಬ್ಬು ಹಾರಿಸಿದರು.

ವಾಪಸು ರಾಣೆಬೆನ್ನೂರಿನಲ್ಲಿ ಗಾಡಿ ಹತ್ತಿದಾಗ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಒರಗಿ ತೂಕಡಿಸುತ್ತಿದ್ದರು. ನಾವು ಮೂವರು ಕಿಟಕಿಯ ಹತ್ತಿರ ಕೂತಿದ್ದೆವು. ಅತ್ತೆ ಎಲೆ ಅಡಿಕೆಯ ಸಂಚಿ ಬಿಚ್ಚಿದರು. ಅಡಿಕೆ ತೆಗೆದರು, ಸುಣ್ಣದ ಡಬ್ಬಿ ತೆಗೆದರು, ಆಮೇಲೆ ಒಂದು ಕಾಗದದ ಪೊಟ್ಟಣ ತೆಗೆದು ತೊಡೆಯ ಮೇಲೆ ಬಿಡಿಸಿದರು. ಒಳಗೆ ಸ್ಟೋವಿನ ಪಿನ್ನುಗಳು, ಒಂದು ಹಿಡಿ.

"ಅಕ್ಕಾರ, ತುರುಬಿನ್ಯಾಗಿಂದು ತಗದುಬಿಡ್ರಿ. ತಲಿಗೆ ಚುಚ್ಚೀತು" ಎಂದರು.

ಎಂಥ ಪೇಚಿನಲ್ಲೂ ಮಾತು ತಪ್ಪದಿದ್ದ ಅಕ್ಕೋರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಕೈ ತಾನಾಗಿ ತುರುಬಿಗೆ ಹೋಯಿತು. "ಮತ್ತ... ಇಷ್ಟು ಇದ್ವು ಅಂದ್ರ... ಯಾಕ ಹೇಳಲಿಲ್ರಿ ಅವ್ವಾರ?" ಎಂದರು.

"ಹೇಳಿದ್ರ ನಾನs ಮಾಡಬೇಕಾಗ್ತಿತ್ತಲ್ರಿ" ಎಂದರು ಅತ್ತೆ. ಎಲೆಗೆ ಸುಣ್ಣ ಸವರುತ್ತ, ಕಿಟಕಿಯ ಹೊರಗೆ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ ಇನ್ನೊಂದು ಮಾತು ಸೇರಿಸಿದರು. "ಕುಂತಾಕಿ ಮುಂದ ಎಲಿ ಹಾಕಿ ಯಾರರ ನನಗ ನೀಡಿದ್ದು ನನ್ನ ಮದುವ್ಯಾಗ. ಅದಾದಮ್ಯಾಲ ನಿನ್ನಿ."

ಅಕ್ಕೋರು ಅವರ ಕೈ ಹಿಡಿದುಕೊಂಡರು. ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ನಾನೂ ಇದ್ದೆ. ಆದರೂ ಅವರನ್ನು ಕೂರಿಸಿ ನೀಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗಾಡಿ ದೇವರಗುಡ್ಡ ಸ್ಟೇಶನ್ನು ದಾಟುವ ಹೊತ್ತಿಗೆ ಅಕ್ಕೋರಿಗೆ ನಗು ಬಂತು. ಅತ್ತೆಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕ ಸದ್ದಿಗೆ ಹುಡುಗಿಯರೆಲ್ಲ ಎದ್ದು ಕೂತರು.

ಬ್ಯಾಡಗಿ ಸ್ಟೇಶನ್ನಿನಲ್ಲಿ ಮಾವನವರು ಕಾಯುತ್ತ ನಿಂತಿದ್ದರು. ಎರಡು ದಿನದ ಖಾನಾವಳಿ ಮುಖದ ಮೇಲೆ ಕಾಣುತ್ತಿತ್ತು. "ಅಡಿಗಿ ಎಲ್ಲಾ ಸರಿ ಆತಿಲ್ಲೋ?" ಎಂದು ಕೇಳಿದರು.

"ಆಗದ ಏನು? ಹುಡುಗ್ಯಾರಿಗೆಲ್ಲಾ ಬಿಸಿಬಿಸಿ ಮಾಡಿ ಹಾಕೀನಿ. ನಿಂತು ನಿಂತು ನನ್ನ ಸ್ವಂಟಾನ ಹೋಗೇತಿ" ಎಂದರು ಅತ್ತೆ, ಕಣ್ಣೆವೆ ಮಿಟುಕಿಸದೆ.

ಮಾವ ಗೋಣಿಚೀಲ ಹೆಗಲಿಗೇರಿಸಿ ಮುಂದೆ ನಡೆದರು. ಅಕ್ಕೋರು ತುರುಬಿನಿಂದ ಪಿನ್ನು ತೆಗೆದು ಅತ್ತೆಯ ಕಡೆ ಚಾಚಿದರು. ಅತ್ತೆ ಅವರ ಬೆರಳುಗಳನ್ನು ಅದರ ಸುತ್ತ ಮಡಚಿ ಮೆಲ್ಲಗೆ ಹೇಳಿದರು:

"ನಿಮ್ಮ ಹತ್ರಾನ ಇರ್ಲಿ. ಮುಂದಿನ ಸರ್ತಿಗೆ ಬೇಕಾಗತೈತಿ."